ಜಗಳ ಮೂರನೇ ಹೆಜ್ಜೆಗೆ, ತಪ್ಪು ಮೊದಲನೆಯದಕ್ಕೆ

2017ರ ಜುಲೈ ಕೊನೆಯ ವಾರ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆಯಿತು. ಫೈನಲ್‌ನಲ್ಲಿ ಜಪಾನ್ ತಂಡ ಆಸ್ಟ್ರೇಲಿಯಾವನ್ನು ಸೋಲಿಸಿದ್ದು 74–73ರಿಂದ. ಕೆಳಗಿನ ‘ಬಿ’ ವಿಭಾಗದ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಕಜಕಸ್ತಾನವನ್ನು 75–73ರಿಂದ ಮಣಿಸಿ ಮೇಲಿನ ವಿಭಾಗಕ್ಕೆ ಏರಿದರು. ಒಂದು ಕಡೆ ಒಂದೇ ಅಂಕ, ಇನ್ನೊಂದು ಕಡೆ ಎರಡು. ಅದೇ ಅಕ್ಟೋಬರ್‌ನಲ್ಲಿ ಅದೇ ಬೆಂಗಳೂರಿನಲ್ಲಿ 16 ವರ್ಷದೊಳಗಿನ ಬಾಲಕಿಯರ ಏಷ್ಯನ್ ಚಾಂಪಿಯನ್‌ಷಿಪ್ ಆಯಿತು. ಅಲ್ಲಿಯೂ ಭಾರತ ‘ಬಿ’ ವಿಭಾಗ ಗೆದ್ದಿತು.

ಈ ಎರಡು ಟೂರ್ನಿಗಳ ನಡುವೆ ಆಟದ ಒಂದು ನಿಯಮವೇ ಬದಲಾಗಿತ್ತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ, ಅಂದರೆ ಫಿಬಾ, 2017ರ ಅಕ್ಟೋಬರ್ 1ರಿಂದ ಟ್ರಾವೆಲಿಂಗ್ ನಿಯಮವನ್ನು, ಅಂದರೆ ಚೆಂಡು ಹಿಡಿದು ಹಾಕುವ ಹೆಜ್ಜೆಯ ನಿಯಮವನ್ನು, ತಿದ್ದಿ ಬರೆದಿತ್ತು. ಜುಲೈನಲ್ಲಿ ರೆಫರಿ ಸೀಟಿ ಊದಿ ಚೆಂಡು ಕಸಿದುಕೊಳ್ಳಬಹುದಾಗಿದ್ದ ಅದೇ ಓಟ, ಅದೇ ಕಾಲು, ಅದೇ ಲೇ-ಅಪ್ ಅಕ್ಟೋಬರ್‌ನಲ್ಲಿ ಸರಿಯಾದ ಬುಟ್ಟಿ. ಒಂದಂಕದಲ್ಲಿ ಏಷ್ಯಾ ಕಪ್ ಕೈ ಬದಲಾಗುವ ಆಟದಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ಗ್ಯಾಲರಿಯಲ್ಲಿ ಕುಳಿತವರಲ್ಲಿ ಈ ಬದಲಾವಣೆ ಎಷ್ಟು ಜನಕ್ಕೆ ಗೊತ್ತಿತ್ತು ಎಂದು ಕೇಳಿದರೆ ಉತ್ತರ ಊಹಿಸಲು ಕಷ್ಟವಿಲ್ಲ.

ಗ್ಯಾಲರಿ ಇರಲಿ, ಹುಲಿಗಿಯ ಮಾತು ಹೇಳುತ್ತೇನೆ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಬರುವ ಜನ ತುಂಗಭದ್ರೆಯ ದಂಡೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ನೆರೆಯುತ್ತಾರೆ. ಬ್ಯಾಸ್ಕೆಟ್‌ಬಾಲ್‌ಗೆ ಈ ಊರಿನಲ್ಲಿ ಅಂಥ ಭಕ್ತರಿಲ್ಲ. ನಮ್ಮ ಕಡೆಯ ಆಟ ಕಬಡ್ಡಿ, ಖೋ-ಖೋ, ಈಚೆಗೆ ವಾಲಿಬಾಲ್ ಮತ್ತು ಎಂದಿನಂತೆ ಕ್ರಿಕೆಟ್. ಬುಟ್ಟಿಯ ಕಂಬ ನೋಡಬೇಕೆಂದರೆ ಓದಲು ಹೊಸಪೇಟೆಗೋ ಕೊಪ್ಪಳಕ್ಕೋ ಹೋಗಬೇಕು. ಆದರೂ ಹುಡುಗರ ಕೈಯಲ್ಲಿ ಮೊಬೈಲ್ ಇದೆ, ಮೊಬೈಲಿನಲ್ಲಿ ಅಮೆರಿಕದ ಎನ್‌ಬಿಎ ಇದೆ. ಹುಣ್ಣಿಮೆಗೆ ಬಂದಿದ್ದ ಅಕ್ಕನ ಮಗ ಮೊಬೈಲನ್ನು ನನ್ನ ಮೂಗಿಗೆ ತಾಗಿಸುವಂತೆ ಹಿಡಿದು, “ಮಾಮಾ, ಎಣಸ್ರಿ. ಒಂದು, ಎರಡು, ಮೂರು. ಮೂರು ಹೆಜ್ಜಿ ಹಾಕ್ಯಾನ. ಸೀಟಿ ಎಲ್ಲೈತಿ?” ಎಂದು ಕೇಳಿದ. ಪಕ್ಕದಲ್ಲಿ ಕುಳಿತಿದ್ದ, ದೈಹಿಕ ಶಿಕ್ಷಕರಾಗಿ ನಿವೃತ್ತರಾದ ಹಿರಿಯರೊಬ್ಬರು ಕನ್ನಡಕ ಏರಿಸಿ ಎರಡು ಸಲ ನೋಡಿ ಹೇಳಿದರು: “ಕಾಲು ಎಣಸಬ್ಯಾಡಪಾ. ಮೊದಲು ಕೈ ನೋಡು.”

ಟ್ರಾವೆಲಿಂಗ್ ಬಗ್ಗೆ ನಾನು ಕೇಳಿದ ಅತ್ಯಂತ ಚಿಕ್ಕ ಮತ್ತು ಅತ್ಯಂತ ಸರಿಯಾದ ಪಾಠ ಅದು.

ಕೈಯಲ್ಲಿ ಚೆಂಡಿದ್ದಾಗ ಕಾಲು ಎಷ್ಟು ಆಡಬಹುದು ಎಂಬುದಷ್ಟೇ ಈ ನಿಯಮದ ವಿಷಯ. ಚೆಂಡನ್ನು ನೆಲಕ್ಕೆ ಬಡಿಯುತ್ತಾ ಓಡುವಾಗ, ಅಂದರೆ ಡ್ರಿಬಲ್ ಮಾಡುವಾಗ, ಹೆಜ್ಜೆಗೆ ಲೆಕ್ಕವೇ ಇಲ್ಲ. ಒಂದು ಪುಟಿತಕ್ಕೂ ಮುಂದಿನದಕ್ಕೂ ನಡುವೆ ಐದು ಹೆಜ್ಜೆ ಹಾಕುವ ಶಕ್ತಿ ಇದ್ದರೆ ಹಾಕಿ, ಯಾರೂ ಕೇಳುವುದಿಲ್ಲ. ಚೆಂಡು ಕೈಜಾರಿ, ಅದನ್ನು ಹಿಡಿಯಲು ತಡಕಾಡುತ್ತಾ ಇಟ್ಟ ಹೆಜ್ಜೆಗೂ ಲೆಕ್ಕವಿಲ್ಲ. ಲೆಕ್ಕ ಶುರುವಾಗುವುದು ಚೆಂಡು ಆಟಗಾರನ ವಶಕ್ಕೆ ಬಂದ ಗಳಿಗೆಯಿಂದ. ಆ ಗಳಿಗೆ ಯಾವುದು? ಡ್ರಿಬಲ್ ಮುಗಿಯಿತು ಎನ್ನಬೇಕಾದರೆ ಎರಡೂ ಕೈ ಒಟ್ಟಿಗೆ ಚೆಂಡನ್ನು ಮುಟ್ಟಬೇಕು, ಇಲ್ಲವೇ ಚೆಂಡು ಒಂದು ಕೈಯಲ್ಲೋ ಎರಡು ಕೈಯಲ್ಲೋ ತಂಗಬೇಕು. ಅಂಗೈ ಚೆಂಡಿನ ಮೇಲಿದ್ದರೆ ಇನ್ನೂ ಡ್ರಿಬಲ್, ಅಡಿಗೆ ಸರಿದು ಚೆಂಡನ್ನು ಹೊತ್ತರೆ ಮುಗಿಯಿತು. ಎಲ್ಲ ವಾದ ಹುಟ್ಟುವುದು ಇಲ್ಲಿ, ಕೆಳಗೆ ಕಾಲಿನಲ್ಲಲ್ಲ.

2017ಕ್ಕೆ ಮೊದಲು ಫಿಬಾ ಪುಸ್ತಕ ಬಿಗಿಯಾಗಿತ್ತು. ಓಡುತ್ತಾ ಚೆಂಡು ಹಿಡಿದಾಗ ಬಲಗಾಲು ನೆಲದ ಮೇಲಿದ್ದರೆ ಬಲಗಾಲೇ ಪಿವಟ್. ಅಂದರೆ ಅದು ಊರಿದ ಕಾಲು. ಎಡಗಾಲು ಇಡಬಹುದು, ಬಲಗಾಲು ಎತ್ತಿ ಎಸೆಯಬಹುದು. ಆದರೆ ಎತ್ತಿದ ಬಲಗಾಲು ಚೆಂಡು ಕೈಬಿಡುವ ಮೊದಲು ಮತ್ತೆ ನೆಲ ಮುಟ್ಟಿದರೆ ಟ್ರಾವೆಲಿಂಗ್. ಹೊಸ ನಿಯಮ ಚೆಂಡು ವಶವಾದಾಗ ನೆಲದ ಮೇಲಿದ್ದ ಆ ಕಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಸೊನ್ನೆ. ಆಮೇಲೆ ಎಡ ಒಂದು, ಬಲ ಎರಡು, ಎಸೆತ. ಗ್ಯಾಲರಿಯ ಕಣ್ಣಿಗೆ ಇದು ಮೂರು. ರೆಫರಿಗೆ ಎರಡು. ಹುಡುಗರು ಇದನ್ನೇ ‘ಜೀರೋ ಸ್ಟೆಪ್’ ಎನ್ನುತ್ತಾರೆ. ಎರಡೂ ಕಾಲು ಗಾಳಿಯಲ್ಲಿದ್ದಾಗ ಚೆಂಡು ಹಿಡಿದವನಿಗೆ ಈ ತಿದ್ದುಪಡಿಯಿಂದ ಏನೂ ಲಾಭವಿಲ್ಲ. ಅವನಿಗೆ ಆಗಲೂ ಎರಡು, ಈಗಲೂ ಎರಡು. ಆದ್ದರಿಂದ ಫಿಬಾ ‘ಮೂರು ಹೆಜ್ಜೆ ಕೊಟ್ಟಿತು’ ಎಂದು ಬೈಯುವವರೂ, ‘ಏನೂ ಬದಲಾಗಿಲ್ಲ’ ಎಂದು ಸಮಾಧಾನ ಹೇಳುವವರೂ ಅರ್ಧರ್ಧ ಸರಿ.

ಬದಲಿಸಿದ್ದೇಕೆ? ಎನ್‌ಬಿಎ ಆಟಕ್ಕೂ ಫಿಬಾ ಆಟಕ್ಕೂ ಇದ್ದ ಅಂತರ ತಗ್ಗಬೇಕಿತ್ತು, ಅದು ಒಂದು. ಇನ್ನೊಂದು, ಆಟದ ವೇಗ ಪುಸ್ತಕವನ್ನು ಹಿಂದೆ ಹಾಕಿ ಬಹಳ ದಿನ ಆಗಿತ್ತು. ಎದುರಾಳಿಯನ್ನು ಒಂದು ಹೆಜ್ಜೆಯಲ್ಲಿ ಬಲಕ್ಕೆ ಕರೆದು ಇನ್ನೊಂದು ಹೆಜ್ಜೆಯಲ್ಲಿ ಎಡಕ್ಕೆ ನುಸುಳುವ ಯೂರೋ ಸ್ಟೆಪ್ಪನ್ನೇ ನೋಡಿ. ಲಿಥುವೇನಿಯಾದ ಶರೂನಸ್ ಮಾರ್ಚುಲ್ಯೋನಿಸ್ ಅಮೆರಿಕಕ್ಕೆ ಕೊಂಡೊಯ್ದ, ಅರ್ಜೆಂಟೀನಾದ ಮನು ಜಿನೋಬಿಲಿ ಜಗತ್ತಿಗೆಲ್ಲ ಕಲಿಸಿದ ಚಲನೆ ಅದು. ಮೊದಲ ಸಲ ನೋಡಿದವರಿಗೆ ಟ್ರಾವೆಲಿಂಗ್ ಅನಿಸದೇ ಇರದು. ಅದರ ಸೊಗಸೇ ಅದು: ಕಾನೂನಿನ ಅಂಚಿನ ಮೇಲೆ ಕಾಲಿಟ್ಟು ಒಳಗೇ ಉಳಿಯುವುದು.

ಹಾಗಾದರೆ ಅಮೆರಿಕದಲ್ಲಿ ಜಗಳವಿಲ್ಲವೇ? ಅಲ್ಲಿಯೇ ಹೆಚ್ಚು. 2009ರ ಜನವರಿಯಲ್ಲಿ ವಾಷಿಂಗ್ಟನ್ ವಿಜರ್ಡ್ಸ್ ಎದುರಿನ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಲೆಬ್ರಾನ್ ಜೇಮ್ಸ್ ಮೇಲೆ ಟ್ರಾವೆಲಿಂಗ್ ಸೀಟಿ ಬಿತ್ತು. ಅದು ‘ಕ್ರ್ಯಾಬ್ ಡ್ರಿಬಲ್’, ಏಡಿಯ ನಡಿಗೆ, ನನ್ನ ಹಳೆಯ ವರಸೆ ಎಂದು ಅವರು ವಾದಿಸಿದರು. ವಿಡಿಯೊ ನೋಡಿದವರು ನಕ್ಕರು. ಅದೇ ವರ್ಷ, ಹೊಸ ಋತುವಿಗೆ, ಎನ್‌ಬಿಎ ತನ್ನ ಪುಸ್ತಕದಲ್ಲಿ ಎರಡು ಹೆಜ್ಜೆ ಎಂದು ಬಿಡಿಸಿ ಬರೆಯಿತು. ರೆಫರಿಗಳು ಅಷ್ಟು ವರ್ಷ ಬಿಡುತ್ತಾ ಬಂದಿದ್ದನ್ನೇ ಕೊನೆಗೆ ಶಾಯಿಯಲ್ಲಿ ಒಪ್ಪಿಕೊಂಡಂತಾಯಿತು. 2018ರ ಕೊನೆಯಲ್ಲಿ ಜೇಮ್ಸ್ ಹಾರ್ಡನ್ ಹಿಂದಕ್ಕೆ ಜಿಗಿದು ಎಸೆಯುವ ಸ್ಟೆಪ್-ಬ್ಯಾಕ್ ಮೇಲೆ ಅದೇ ಗದ್ದಲ ಎದ್ದಿತು. 2019ರಲ್ಲಿ ಎನ್‌ಬಿಎ ಮತ್ತೆ ಪುಸ್ತಕ ತೆರೆದು, ಚೆಂಡು ವಶಕ್ಕೆ ಬರುವ ಗಳಿಗೆಯ ಭಾಷೆಯನ್ನು ಪರಿಷ್ಕರಿಸಿತು. ನಿಯಮ ಮುಂದೆ, ಆಟಗಾರ ಹಿಂದೆ ಎಂದು ನಾವು ಅಂದುಕೊಳ್ಳುತ್ತೇವೆ. ಈ ನಿಯಮದ ಮಟ್ಟಿಗೆ ಆಟಗಾರನೇ ಯಾವಾಗಲೂ ಅರ್ಧ ಹೆಜ್ಜೆ ಮುಂದಿದ್ದಾನೆ.

ಇದು ಇಂದಿನ ಕಥೆಯೂ ಅಲ್ಲ. 1891ರ ಡಿಸೆಂಬರ್‌ನಲ್ಲಿ ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಅಂಚಿಗೆ ಬಡಿದು 13 ನಿಯಮ ಬರೆದಾಗ ಡ್ರಿಬಲ್ ಎಂಬುದೇ ಇರಲಿಲ್ಲ. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು ಎಂಬುದು ಮೂರನೆಯ ನಿಯಮ. ಇದರ ಹಿಂದೆ ಒಳ್ಳೆಯ ತರ್ಕವಿತ್ತು. ಚಳಿಗಾಲದಲ್ಲಿ ಒಳಾಂಗಣದಲ್ಲಿ, ಗಟ್ಟಿ ನೆಲದ ಮೇಲೆ ಆಡಬೇಕಾದ ಆಟ. ರಗ್ಬಿಯಂತೆ ಕೆಡವಿ ಬೀಳಿಸಿದರೆ ಮೂಳೆ ಮುರಿಯುತ್ತದೆ. ಕೆಡವುವುದೇಕೆ? ಚೆಂಡು ಹಿಡಿದವನು ಓಡುತ್ತಾನಲ್ಲ, ಅದಕ್ಕೆ. ಓಟವನ್ನೇ ತೆಗೆದರೆ ಕೆಡವುವ ಕಾರಣವೇ ಹೋಯಿತು! ಬ್ಯಾಸ್ಕೆಟ್‌ಬಾಲ್ ಎಂಬ ಇಡೀ ಆಟ ನಿಂತಿರುವುದು ಈ ಒಂದು ಲೆಕ್ಕಾಚಾರದ ಮೇಲೆ. ಟ್ರಾವೆಲಿಂಗ್ ಇಲ್ಲದಿದ್ದರೆ ಅದು ಬುಟ್ಟಿ ತೂಗುಹಾಕಿದ ರಗ್ಬಿ.

ಆದರೆ ನೈಸ್ಮಿತ್ ಅದೇ ಮೂರನೆಯ ನಿಯಮದಲ್ಲಿ ಒಂದು ಬಾಗಿಲು ತೆರೆದಿಟ್ಟರು. ಜೋರಾಗಿ ಓಡುತ್ತಿರುವಾಗ ಚೆಂಡು ಹಿಡಿದವನು ನಿಲ್ಲಲು ಯತ್ನಿಸಿದರೆ ಅವನಿಗೆ ಸ್ವಲ್ಪ ರಿಯಾಯಿತಿ ಕೊಡಬೇಕು ಎಂದರು. ಮನುಷ್ಯನ ಮೈ ಒಮ್ಮೆಲೇ ನಿಲ್ಲುವುದಿಲ್ಲವಲ್ಲ. ಆ ‘ಸ್ವಲ್ಪ’ ಎಷ್ಟು ಎಂಬುದರ ಮೇಲೆ 130 ವರ್ಷ ಮೀರಿ ಚರ್ಚೆ ನಡೆದಿದೆ. ಸೊನ್ನೆ ಹೆಜ್ಜೆಯೂ ಆ ಬಾಗಿಲಿನಿಂದಲೇ ಒಳಬಂದದ್ದು.

ಡ್ರಿಬಲ್ ಆಮೇಲಿನ ಜಾಣತನ. ಎಸೆಯಲು ಜೊತೆಗಾರ ಸಿಗದಿದ್ದಾಗ ಚೆಂಡನ್ನು ನೆಲಕ್ಕೆಸೆದು ತಾನೇ ಹಿಡಿದುಕೊಂಡರೆ ತಪ್ಪೇನು ಎಂದು ಆಟಗಾರರು ಕಂಡುಕೊಂಡರು. ಅದಕ್ಕೆ ಪುಟಿಯುವ ನೆಲ ಬೇಕು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಪದಕದ ಆಟವಾದಾಗ ಪಂದ್ಯಗಳು ನಡೆದದ್ದು ಬಯಲಿನಲ್ಲಿ, ಜೇಡಿ ಮತ್ತು ಮರಳಿನ ಟೆನಿಸ್ ಅಂಗಣಗಳಲ್ಲಿ. ಫೈನಲ್ ದಿನ ಮಳೆ ಸುರಿಯಿತು. ಕೆಸರಿನಲ್ಲಿ ಚೆಂಡು ಪುಟಿಯಲಿಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು 19–8ರಿಂದ, ಇಡೀ ಪಂದ್ಯದ ಅಂಕ ಸೇರಿ 27. ನಮ್ಮ ಸೀಮೆಯವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಎರೆ ನೆಲದಲ್ಲಿ ಕಂಬ ನೆಟ್ಟು ಆಡಿದವರನ್ನು ಕೇಳಿ: ಒಂದು ಮಳೆ ಬಿದ್ದರೆ ಚೆಂಡು ಬಿದ್ದಲ್ಲೇ ಕೂರುತ್ತದೆ, ಹುಡುಗ ಅದನ್ನೆತ್ತಿಕೊಂಡು ನಾಲ್ಕು ಹೆಜ್ಜೆ ಹಾಕುತ್ತಾನೆ, ಮಾಸ್ತರು ಆ ಕಡೆ ನೋಡಿದಂತೆ ಮಾಡುತ್ತಾರೆ.

ಈ ಆಟ ಭಾರತಕ್ಕೆ ಬಂದದ್ದೂ ವೈಎಂಸಿಎ ಮೂಲಕ. ದಕ್ಷಿಣದ ದೈಹಿಕ ಶಿಕ್ಷಣಕ್ಕೆ ತಳಪಾಯ ಹಾಕಿದ ಮದ್ರಾಸಿನ ವೈಎಂಸಿಎ ಕಾಲೇಜನ್ನು ಹ್ಯಾರಿ ಕ್ರೋ ಬಕ್ 1920ರಲ್ಲಿ ಶುರುಮಾಡಿದರು. 1934ರಲ್ಲಿ ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ದೆಹಲಿಯಲ್ಲಿ ನಡೆಯಿತು. 1950ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಹುಟ್ಟಿತು. ನಮ್ಮ ಪಿ.ಟಿ. ಮಾಸ್ತರರ ಪರಂಪರೆಯ ಒಂದು ಎಳೆ ಹೀಗೆ ಮದ್ರಾಸಿನ ಮೂಲಕ ಸ್ಪ್ರಿಂಗ್‌ಫೀಲ್ಡ್‌ನ ಆ ಬುಟ್ಟಿಯವರೆಗೆ ಹೋಗುತ್ತದೆ. ಹಾಗೆಂದು ಪ್ರತಿ ತಿದ್ದುಪಡಿಯೂ ಆ ಎಳೆ ಹಿಡಿದು ಊರು ಮುಟ್ಟುವುದಿಲ್ಲ. ಹಳೆಯ ಪುಸ್ತಕದಲ್ಲಿ ಕಲಿತವರು ಹಳೆಯದರ ಪ್ರಕಾರ ಸೀಟಿ ಊದುತ್ತಾರೆ, ಮೊಬೈಲಿನಲ್ಲಿ ಕಲಿತ ಹುಡುಗ ಹೊಸದರ ಪ್ರಕಾರ ಆಡುತ್ತಾನೆ. ತಾಲ್ಲೂಕು ಮಟ್ಟದಲ್ಲಿ ಒಂದು ನ್ಯಾಯ, ವಿಭಾಗ ಮಟ್ಟಕ್ಕೆ ಹೋದರೆ ಇನ್ನೊಂದು ನ್ಯಾಯ ಎಂದಾದರೆ ಮಕ್ಕಳ ಸಿಟ್ಟಿನಲ್ಲಿ ತಪ್ಪೇನಿದೆ? ಈ ದೂರು ಮಾಸ್ತರರ ಮೇಲಲ್ಲ. ಕಬಡ್ಡಿಯಿಂದ ಲಾಂಗ್ ಜಂಪ್‌ವರೆಗೆ ಎಲ್ಲಕ್ಕೂ ಒಬ್ಬರನ್ನೇ ನಿಲ್ಲಿಸಿ, ಹೊಸ ನಿಯಮದ ಒಂದು ದಿನದ ತರಬೇತಿಯನ್ನೂ ಕೊಡದೆ ಇರುವ ವ್ಯವಸ್ಥೆಯ ಮೇಲೆ.

ಕಬಡ್ಡಿಯ ಮಾತು ಬಂತು. ಟ್ರಾವೆಲಿಂಗ್ ಏನೆಂದು ಹುಲಿಗಿಯಲ್ಲಿ ಯಾರಿಗಾದರೂ ತಿಳಿಸಬೇಕೆಂದರೆ ನಾನು ಬೋನಸ್ ಗೆರೆಯಿಂದ ಶುರುಮಾಡುತ್ತೇನೆ. ಎದುರು ಅಂಗಣದಲ್ಲಿ ಆರು ಅಥವಾ ಏಳು ಜನ ಇದ್ದಾಗ ರೈಡರ್ ಒಂದು ಕಾಲು ಬೋನಸ್ ಗೆರೆಯ ಆಚೆ ಊರಿ, ಹಿಂದಿನ ಕಾಲು ಗಾಳಿಯಲ್ಲಿದ್ದರೆ ಮಾತ್ರ ಅಂಕ. ಹಿಂದಿನ ಕಾಲಿನ ಬೆರಳು ನೆಲ ಸವರಿದ್ದರೆ ಇಲ್ಲ. ಆ ಒಂದು ಬೆರಳಿಗಾಗಿ ನಮ್ಮ ಜಾತ್ರೆಯ ಪಂದ್ಯಗಳಲ್ಲಿ ಆದ ವಾಗ್ವಾದ ಎಷ್ಟೆಂದು ಎಲ್ಲರಿಗೂ ಗೊತ್ತು. ಮುಂದಿನ ಕಾಲನ್ನು ಊರೆಲ್ಲ ನೋಡುತ್ತದೆ, ತೀರ್ಪು ಹಿಂದಿನ ಕಾಲಿನಲ್ಲಿರುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲೂ ಹಾಗೆಯೇ.

ಆದರೆ ಒಂದು ವ್ಯತ್ಯಾಸ ಕುತೂಹಲದ್ದು. ಪ್ರೊ ಕಬಡ್ಡಿಯಲ್ಲಿ ಬೋನಸ್ ಬಗ್ಗೆ ಅನುಮಾನವಿದ್ದರೆ ತಂಡ ರಿವ್ಯೂ ಕೇಳಬಹುದು, ಟಿ.ವಿ. ಅಂಪೈರ್ ನಿಧಾನಗತಿಯಲ್ಲಿ ನೋಡಿ ಹೇಳುತ್ತಾರೆ. ಫಿಬಾ ಪಂದ್ಯಗಳಲ್ಲೂ ವಿಡಿಯೊ ಮರುಪರಿಶೀಲನೆ ಇದೆ. ಎಸೆತ ಎರಡಂಕದ್ದೋ ಮೂರಂಕದ್ದೋ, ಸಮಯ ಮುಗಿಯುವ ಮೊದಲು ಚೆಂಡು ಕೈಬಿಟ್ಟಿತ್ತೋ ಇಲ್ಲವೋ, ಇಂಥವನ್ನೆಲ್ಲ ನೋಡಬಹುದು. ಟ್ರಾವೆಲಿಂಗ್ ಆ ಪಟ್ಟಿಯಲ್ಲಿಲ್ಲ. ರೆಫರಿ ಊದಿದರೆ ಊದಿದ್ದು, ಬಿಟ್ಟರೆ ಬಿಟ್ಟದ್ದು. ಎನ್‌ಬಿಎ ಕೋಚ್‌ಗಳಿಗೆ ಕೊಟ್ಟಿರುವ ‘ಚಾಲೆಂಜ್’ ಹಕ್ಕಿನಲ್ಲೂ ಅದು ಸೇರಿಲ್ಲ.

ಇದು ಅನ್ಯಾಯ ಎನ್ನುವವರು ಬಹಳ. ನಾನು ಹಾಗೆನ್ನುವುದಿಲ್ಲ. ಬೋನಸ್ ಗೆರೆ ನೆಲದ ಮೇಲೆ ಬಳಿದಿದೆ, ಕಾಲು ಆಚೆಯೋ ಈಚೆಯೋ ಕ್ಯಾಮೆರಾ ಹೇಳೀತು. ಚೆಂಡು ‘ವಶಕ್ಕೆ ಬಂದ’ ಗಳಿಗೆಗೆ ಯಾವ ಗೆರೆಯೂ ಇಲ್ಲ. ನಿಧಾನಗತಿಯಲ್ಲಿ ನೋಡಿದರೆ ಅಂಗೈ ಚೆಂಡನ್ನು ಸವರುವುದು, ಅಡಿಗೆ ಸರಿಯುವುದು, ಇನ್ನೊಂದು ಕೈ ಬಂದು ಸೇರುವುದು ಎಲ್ಲ ಬೇರೆ ಬೇರೆ ಚಿತ್ರಗಳು. ಮೊದಲ ಚಿತ್ರದಿಂದ ಎಣಿಸಿದರೆ ಮೂರು ಹೆಜ್ಜೆ, ಮೂರನೆಯದರಿಂದ ಎಣಿಸಿದರೆ ಎರಡು. ಮೊಬೈಲಿನ ವಿಡಿಯೊ ತುಣುಕುಗಳಲ್ಲಿ ಎಲ್ಲ ಆಟಗಾರರೂ ಕಳ್ಳರಂತೆ ಕಾಣುವುದು ಇದೇ ಕಾರಣಕ್ಕೆ. ವೇಗ ತಗ್ಗಿದಷ್ಟೂ ಅನುಮಾನ ಹೆಚ್ಚುತ್ತದೆ. ಇಂಥದ್ದನ್ನು ಆಟದ ವೇಗದಲ್ಲಿಯೇ ಮನುಷ್ಯನ ಕಣ್ಣು ನಿರ್ಧರಿಸುವುದು ವಾಸಿ.

ಆ ಕಣ್ಣು ಕೆಲಸ ಮಾಡುವ ಬಗೆಯನ್ನೂ ಸ್ವಲ್ಪ ನೋಡೋಣ. ದೊಡ್ಡ ಪಂದ್ಯಗಳಲ್ಲಿ ಮೂವರು ರೆಫರಿಗಳು. ಅಂಗಣವನ್ನು ತಮ್ಮಲ್ಲಿ ಹಂಚಿಕೊಂಡು, ಚೆಂಡು ಯಾರ ಪಾಲಿನ ಜಾಗದಲ್ಲಿದೆಯೋ ಅವರು ಅದರ ಹೊಣೆ ಹೊರುತ್ತಾರೆ. ಅವರು ಆಟಗಾರನಿಗೆ ತೀರ ಹತ್ತಿರ ನಿಂತರೆ ಕೈ ಕಂಡಾಗ ಕಾಲು ಕಾಣದು, ಕಾಲು ಕಂಡಾಗ ಕೈ ಕಾಣದು. ಅದಕ್ಕೇ ಸ್ವಲ್ಪ ದೂರ ನಿಂತು ಎರಡನ್ನೂ ಒಂದೇ ನೋಟಕ್ಕೆ ಸಿಗಿಸಿಕೊಳ್ಳಬೇಕು. ಚೆಂಡು ಹಿಡಿದ ಕೂಡಲೇ ಪಿವಟ್ ಯಾವ ಕಾಲು ಎಂದು ಗುರುತು ಹಾಕಿಕೊಳ್ಳಬೇಕು. ತಪ್ಪು ಕಂಡರೆ ಸೀಟಿ, ಗಡಿಯಾರ ನಿಲ್ಲಿಸಲು ಮೇಲೆತ್ತಿದ ಅಂಗೈ, ಆಮೇಲೆ ಎರಡು ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸುವ ಸನ್ನೆ, ಆಮೇಲೆ ಚೆಂಡು ಯಾರಿಗೆಂದು ಬೆರಳು. ಇದು ಫೌಲ್ ಅಲ್ಲ, ಆಟಗಾರನ ಖಾತೆಗೆ ಏನೂ ಸೇರುವುದಿಲ್ಲ. ತಪ್ಪಾದ ಜಾಗಕ್ಕೆ ಹತ್ತಿರದ ಗೆರೆಯ ಹೊರಗಿನಿಂದ ಎದುರು ತಂಡ ಚೆಂಡು ಒಳಹಾಕುತ್ತದೆ, ಅಷ್ಟೇ.

ಈಗ ನನ್ನ ತಕರಾರು. ಊರೆಲ್ಲ ಬುಟ್ಟಿಯ ಹತ್ತಿರದ ಮೂರನೇ ಹೆಜ್ಜೆಗೆ ಕೂಗಾಡುತ್ತದೆ. ನಾನು ನೋಡಿದ ಶಾಲಾ-ಕಾಲೇಜು ಪಂದ್ಯಗಳಲ್ಲಿ ನಿಜವಾದ ಟ್ರಾವೆಲಿಂಗ್ ಹೆಚ್ಚಾಗಿ ಆಗುವುದು ಬುಟ್ಟಿಯಿಂದ ಬಹಳ ದೂರದಲ್ಲಿ, ಡ್ರಿಬಲ್ ಶುರುವಾಗುವಾಗ. ನಿಂತು ಚೆಂಡು ಹಿಡಿದ ಹುಡುಗ ಎದುರಾಳಿಯನ್ನು ದಾಟಲು ಮುನ್ನುಗ್ಗುತ್ತಾನೆ. ಚೆಂಡು ಇನ್ನೂ ಕೈಯಲ್ಲಿದೆ, ಪಿವಟ್ ಕಾಲು ಆಗಲೇ ನೆಲ ಬಿಟ್ಟಿದೆ. ನಿಂತಲ್ಲಿಂದ ಹೊರಟವನ ಚೆಂಡು ಕೈಬಿಟ್ಟ ಮೇಲೆಯೇ ಪಿವಟ್ ಏಳಬೇಕು, ಇದರಲ್ಲಿ 2017ರ ತಿದ್ದುಪಡಿ ಏನೂ ಸಡಿಲ ಮಾಡಿಲ್ಲ. ಓಡುತ್ತಾ ಹಿಡಿದವನಿಗೂ ಎರಡನೇ ಹೆಜ್ಜೆಗೆ ಮುಂಚೆ ಚೆಂಡು ಕೈಬಿಟ್ಟಿರಬೇಕು. ಈ ಕದ್ದ ಅರ್ಧ ಹೆಜ್ಜೆಯಿಂದಲೇ ಎದುರಾಳಿ ಹಿಂದೆ ಬೀಳುತ್ತಾನೆ. ಆಮೇಲಿನ ಲೇ-ಅಪ್‌ನಲ್ಲಿ ಎರಡೇ ಹೆಜ್ಜೆ ಇದ್ದರೂ ಅನ್ಯಾಯ ಆಗಿಹೋಗಿದೆ. ಇಲ್ಲಿ ಸೀಟಿ ಊದುವ ರೆಫರಿಯನ್ನು ಪ್ರೇಕ್ಷಕರು ಬೈಯುತ್ತಾರೆ, ಏಕೆಂದರೆ ಅವರಿಗೆ ಕಂಡದ್ದು ಏನೂ ಇಲ್ಲ. ಎಣಿಸಲು ಮೂರು ಹೆಜ್ಜೆ ಸಿಗಲಿಲ್ಲವಲ್ಲ!

ಸೊನ್ನೆ ಹೆಜ್ಜೆಯನ್ನು ನಾನು ಸ್ವಾಗತಿಸುತ್ತೇನೆ. ಓಟಕ್ಕೆ ಅದು ಸಹಜ, ರೆಫರಿಗೂ ಸುಲಭ. ಆದರೆ ಅದರ ಹೆಸರಿನಲ್ಲಿ ಮೊದಲ ಹೆಜ್ಜೆಯನ್ನೂ ಬಿಟ್ಟುಬಿಡುವ ಸಡಿಲತನ ಬೆಳೆದಿದೆ. ಅದಕ್ಕೆ ಪುಸ್ತಕದಲ್ಲಿ ಯಾವ ಆಧಾರವೂ ಇಲ್ಲ. ಹಾಗೆಯೇ ಚೆಂಡು ವಶವಾದ ಮೇಲೆ ಒಂದೇ ಕಾಲಿನಲ್ಲಿ ಕುಂಟುತ್ತಾ ಎಡ-ಎಡ ಎಂದು ಎರಡು ಸಲ ಇಟ್ಟರೂ ತಪ್ಪೇ. ಎರಡು ಹೆಜ್ಜೆಯ ರಿಯಾಯಿತಿ ಅದಕ್ಕೆ ಅನ್ವಯಿಸದು. ಮೊಬೈಲಿನ ಮೇಧಾವಿಗಳಿಗೆ ಇದು ಗೊತ್ತಿರುವುದಿಲ್ಲ.

ಗುಡಿಯ ಗದ್ದಲ ಇಳಿದ ಮೇಲೂ ಅಳಿಯ ಬಿಡಲಿಲ್ಲ. ಕಾಲೇಜಿನ ಸಿಮೆಂಟ್ ಅಂಗಣದಲ್ಲಿ ನಡೆದ ಇನ್ನೊಂದು ಪ್ರಸಂಗ ತೆಗೆದ. ಜೊತೆಗಾರನೊಬ್ಬ ಓಡುತ್ತಾ ಚೆಂಡು ಹಿಡಿದು ಮುಗ್ಗರಿಸಿ, ಚೆಂಡು ತಬ್ಬಿಕೊಂಡೇ ಮೂರು ಮಾರು ಜಾರಿದ್ದ. ಎದುರು ತಂಡದವರೆಲ್ಲ “ಸ್ಟೆಪ್ಸ್, ಸ್ಟೆಪ್ಸ್” ಎಂದು ಚೀರಿದರೂ ರೆಫರಿ ಸುಮ್ಮನಿದ್ದರಂತೆ. ಹುಡುಗ ಎದ್ದು ನಿಂತ ತಕ್ಷಣ ಸೀಟಿ ಬಿತ್ತಂತೆ.

“ಜಾರಿದ್ದು ತಪ್ಪಲ್ಲ,” ಎಂದರು ಹಿರಿಯರು. “ಬಿದ್ದು ಜಾರಬಹುದು. ಚಂಡು ಹಿಡಕೊಂಡು ಹೊರಳಿದರ, ಏಳಾಕ ಹೋದರ ಟ್ರಾವೆಲಿಂಗ್. ರೆಫರಿ ಸರಿ ಮಾಡ್ಯಾರ.”

“ಹಂಗಾರ ಅಂವ ಏನ್ ಮಾಡಬೇಕಿತ್ರಿ ಸರ್? ಅಲ್ಲೇ ಮಲಗಬೇಕಿತ್ತೇನು?”

“ಮಲಕೊಂಡ ಪಾಸ್ ಕೊಡಬೇಕಿತ್ತು. ಇಲ್ಲಾ, ಮಲಕೊಂಡ ಬುಟ್ಟಿಗೆ ಒಗೀಬೇಕಿತ್ತು. ಅದಕ್ಕೇನು ಅಡ್ಡಿ ಇಲ್ಲ.”

ಅಳಿಯ ನಂಬಲಿಲ್ಲ. ಮೊಬೈಲ್ ತೆಗೆದು ಫಿಬಾ ನಿಯಮ ಪುಸ್ತಕದ 25ನೇ ವಿಧಿ ಹುಡುಕಲು ಕುಳಿತ. ಹೊಸಪೇಟೆಯ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.